ಉಯ್ಯಾಲೆ ಥೆರಪಿಯಿಂದ ಓದು ಬರುತ್ತಾ? ಏಳು ತಿಂಗಳಾಯ್ತು, ಕಾಗುಣಿತ ಇನ್ನೂ ಹತ್ತಿಲ್ಲ

ಬನಶಂಕರಿ_ಅಮ್ಮ

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮಗನಿಗೆ ಏಳೂವರೆ. ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಂ, ಕನ್ನಡ ಸೆಕೆಂಡ್ ಲ್ಯಾಂಗ್ವೇಜ್. ಮಾತಿಗೇನೂ ಕಮ್ಮಿ ಇಲ್ಲ. ಭಾನುವಾರ ನಾಗರಭಾವಿಯ ಅತ್ತೆ ಮನೆಗೆ ಹೋದರೆ ಬೆಳಗಿನ ತಿಂಡಿಯಿಂದ ಸಂಜೆ ಕಾಫಿವರೆಗೂ ಇವನದೇ ಕಾರುಬಾರು. ಪುಸ್ತಕ ತೆರೆದರೆ ಮಾತ್ರ ಹೊಟ್ಟೆನೋವು, ಬಾಯಾರಿಕೆ, ಒಂದಕ್ಕೆ ಎಲ್ಲ ಒಟ್ಟಿಗೆ ಬರುತ್ತೆ. ‘ಮರ’ ಓದುತ್ತಾನೆ. ‘ಮಾರ’ ಇದ್ದರೂ ‘ಮರ’, ‘ಮೀರ’ ಇದ್ದರೂ ‘ಮರ’. ಇಂಗ್ಲಿಷಿನಲ್ಲಿ ಸಣ್ಣ ಬಿ, ಸಣ್ಣ ಡಿ ಅದಲುಬದಲು.

ಇನ್ನೊಂದು ಕಡೆ, ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಬಾಲ್ಕನಿಗೆ ಓಡುತ್ತಾನೆ. ಶರ್ಟಿನ ಕಾಲರ್ ಹಿಂದಿನ ಲೇಬಲ್ ಕತ್ತರಿಸದೆ ಹಾಕಿಕೊಳ್ಳಲ್ಲ. ಕಟಿಂಗ್ ಮಾಡಿಸೋಕೆ ಹೋದರೆ ಇಬ್ಬರು ಹಿಡಿದುಕೊಳ್ಳಬೇಕಿತ್ತು. ಕುರ್ಚಿ ಮೇಲೆ ಕೂರಿಸಿದರೆ ಕಾವಲಿ ಮೇಲೆ ಹುಯ್ದ ಹಿಟ್ಟಿನ ಹಾಗೆ ಹರಡಿಕೊಂಡು ಕೆಳಗೆ ಇಳಿದುಬಿಡುತ್ತಾನೆ.

ಸ್ಕೂಲಿನ ಕೌನ್ಸೆಲರ್ ಇವೆರಡನ್ನೂ ಗಂಟು ಹಾಕಿದರು. “ಸೆನ್ಸರಿ ಇಶ್ಯೂ ಇದೆ, ಅದಕ್ಕೇ ಓದು ಬರ್ತಿಲ್ಲ. ಸೆನ್ಸರಿ ಇಂಟಿಗ್ರೇಷನ್ ಥೆರಪಿ ಮಾಡಿಸಿ, ಓದು ತಾನಾಗಿ ಬರುತ್ತೆ” ಅಂದರು. ವಾರಕ್ಕೆರಡು ಸಲ, ಒಂದು ಸೆಷನ್‌ಗೆ 1,200 ರೂಪಾಯಿ, ಏಳು ತಿಂಗಳು. ಲೆಕ್ಕ ಹಾಕಬೇಡಿ, ನಾನು ಹಾಕಿ ಅತ್ತಾಗಿದೆ. ಉಯ್ಯಾಲೆ, ದೊಡ್ಡ ಚೆಂಡು, ಟ್ರ್ಯಾಂಪೊಲಿನ್, ಕಾಳಿನ ಡಬ್ಬದಲ್ಲಿ ಕೈ ಹಾಕಿ ಗೊಂಬೆ ಹುಡುಕೋದು.

ಸುಳ್ಳು ಹೇಳಬಾರದು, ಬದಲಾವಣೆ ಇದೆ. ಕಟಿಂಗ್ ಈಗ ಸಲೀಸು. ಊಟಕ್ಕೆ ಕೂತರೆ ತಟ್ಟೆ ಖಾಲಿ ಆಗೋವರೆಗೂ ಏಳಲ್ಲ. ಓದು ಮಾತ್ರ ಎಲ್ಲಿತ್ತೋ ಅಲ್ಲೇ. ಈಗ ಇನ್ನೂ ಆರು ತಿಂಗಳು ಬೇಕು ಅಂತಿದ್ದಾರೆ. ಮುಂದುವರಿಸಲಾ, ಬಿಡಲಾ?

ಸಿಲ್ಕ್‌ಬೋರ್ಡ್_ಸಂತ್ರಸ್ತ

ಬಿಟ್ಟುಬಿಡಿ ಮೇಡಂ. ಉಯ್ಯಾಲೆ ಆಡಿದರೆ ಓದು ಬರೋ ಹಾಗಿದ್ದರೆ ಕಬ್ಬನ್ ಪಾರ್ಕಿನ ಬಾಲಭವನಕ್ಕೆ ಬರೋ ಮಕ್ಕಳೆಲ್ಲ ಪಂಡಿತರಾಗಿರಬೇಕಿತ್ತು.

ಗವಿಪುರದ_ಅಜ್ಜಿ

ಮಗಳೇ, ಏಳೂವರೆ ಅಂದರೆ ಇನ್ನೂ ಹಾಲುಗಲ್ಲದ ಮಗು. ನಮ್ಮ ತಂದೆಯವರು ಮರಳಿನ ಮೇಲೆ ಬೆರಳಿಂದ ತಿದ್ದಿ ಕಲಿತವರು. ತಿದ್ದೋವಾಗ ಬಾಯಲ್ಲಿ ಜೋರಾಗಿ ಹೇಳಬೇಕಿತ್ತಂತೆ, ಹೇಳದಿದ್ದರೆ ಬೆತ್ತ. ಬೆತ್ತ ಬೇಡ, ಮರಳು ತಂದುಕೊಡು. ನಾವು ಅಕ್ಷರಾಭ್ಯಾಸಕ್ಕೆ ಶೃಂಗೇರಿಗೆ ಹೋಗಿ ಅಕ್ಕಿ ಮೇಲೆ ಒಂದು ದಿನ ಬರೆಸಿ ಫೋಟೊ ತೆಗೆದು ಮುಗಿಸಿಬಿಡ್ತೀವಿ. ಅದು ದಿನಾ ಮಾಡೋ ಕೆಲಸ.

ಜೋಕಾಲಿ_ಓಟಿ

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಚಿಕ್ಕದಾಗಿ ಓಟಿ; ದಿನನಿತ್ಯದ ಕೆಲಸಗಳಿಗೆ ಮೈಕೈ ಪಳಗಿಸೋದು ನಮ್ಮ ಕೆಲಸ. ಉಯ್ಯಾಲೆ ತೂಗೋದೇ ನನ್ನ ಹೊಟ್ಟೆಪಾಡು, ಹಾಗಾಗಿ ನಾನು ಹೇಳೋದನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ.

ಈ ವಿಧಾನ ಶುರು ಮಾಡಿದವರು ಅಮೆರಿಕದ ಜೀನ್ ಏರ್ಸ್, ಅವರೂ ಓಟಿ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಅಂತ ನಾವು ಐದು ಎಣಿಸ್ತೀವಲ್ಲ, ಅವರು ಒತ್ತು ಕೊಟ್ಟಿದ್ದು ಮೂರಕ್ಕೆ, ಅದರಲ್ಲಿ ಎರಡು ಈ ಲೆಕ್ಕದಲ್ಲೇ ಇಲ್ಲ. ಒಂದು ಒಳಕಿವಿಯಲ್ಲಿರೋ ಸಮತೋಲನ. ಇನ್ನೊಂದು, ಸ್ನಾಯು ಕೀಲುಗಳಿಂದ ‘ನನ್ನ ಕೈ ಎಲ್ಲಿದೆ, ಎಷ್ಟು ಒತ್ತುತ್ತಿದೆ’ ಅಂತ ಬರೋ ಸುದ್ದಿ. ಮೂರನೇದು ಸ್ಪರ್ಶ. ಇವುಗಳ ಸುದ್ದಿಯನ್ನು ಮಿದುಳು ಸರಿಯಾಗಿ ಹೊಂದಿಸಿಕೊಳ್ಳದಿದ್ದರೆ ಮಗುವಿಗೆ ಕೂರೋದು, ಬರೆಯೋದು, ಗಲಾಟೆಯಲ್ಲಿ ಗಮನ ಕೊಡೋದು ಕಷ್ಟ ಅನ್ನೋದು ಅವರ ವಾದ. 1972ರ ಅವರ ಪುಸ್ತಕದ ಹೆಸರಲ್ಲೇ ಕಲಿಕೆಯ ತೊಂದರೆ ಅನ್ನೋ ಮಾತಿತ್ತು. ಓದಿಗೆ ಇದನ್ನು ಗಂಟು ಹಾಕಿದ್ದು ನಿಮ್ಮ ಕೌನ್ಸೆಲರ್ ಮಾತ್ರ ಅಲ್ಲ, ಮೂಲದಲ್ಲೇ ಆ ಆಸೆ ಇತ್ತು.

ಸಂಬಂಧ ಪೂರ್ತಿ ಸುಳ್ಳೂ ಅಲ್ಲ. ನಾವು ತಲೆ ಅಲ್ಲಾಡಿಸಿದರೂ ಎದುರಿನ ಬೋರ್ಡು ಅಲ್ಲಾಡದ ಹಾಗೆ ಕಣ್ಣನ್ನು ಹಿಡಿದಿಡೋದು ಒಳಕಿವಿ. ಬೆನ್ನು ನಿಲ್ಲದ ಮಗುವಿಗೆ ಪುಸ್ತಕದ ಮುಂದೆ ಕೂರೋದೇ ಒಂದು ಕೂಲಿ. ಆ ಕೂಲಿ ಇಳಿಸೋದು ನಮ್ಮ ಕೆಲಸ. ನಿಮ್ಮ ಮಗನಿಗೆ ಅದು ಆಗಿದೆ, ಸಂತೋಷಪಡಿ. ಆದರೆ ‘ಓದು ತಾನಾಗಿ ಬರುತ್ತೆ’ ಅನ್ನೋ ಮಾತನ್ನು ಯಾರೂ ಹೇಳಬಾರದಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ: ಇಂಥ ಥೆರಪಿಯನ್ನು ದೊಡ್ಡ ಯೋಜನೆಯ ಒಂದು ಭಾಗವಾಗಿ ಮಾಡಿಸಬಹುದು, ಆದರೆ ಪುರಾವೆ ಕಮ್ಮಿ ಇದೆ ಅನ್ನೋದನ್ನು ತಂದೆತಾಯಿಗೆ ತಿಳಿಸಬೇಕು, ‘ಸೆನ್ಸರಿ’ ಅನ್ನೋದನ್ನೇ ಒಂದು ಪ್ರತ್ಯೇಕ ಕಾಯಿಲೆಯ ಹೆಸರು ಮಾಡಬಾರದು ಅಂತ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ, ನನ್ನ ಮೊದಲ ಕಮೆಂಟು ಒರಟಾಯ್ತು. ಆದರೂ ಒಂದು ಮಾತು. ದೇಹದ ಕಸರತ್ತಿನಿಂದ ಓದು ಸುಧಾರಿಸುತ್ತೆ ಅನ್ನೋದನ್ನು 1983ರಲ್ಲೇ ಕವಾಲೆ ಮತ್ತು ಮ್ಯಾಟ್ಸನ್ ಅನ್ನೋ ಇಬ್ಬರು 180 ಅಧ್ಯಯನಗಳನ್ನು ಒಟ್ಟು ಹಾಕಿ ಅಳೆದರು. ಉಪಯೋಗ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ ಬಂತು. ನಲವತ್ತು ವರ್ಷ ಮೇಲಾಯ್ತು, ಬೆಂಗಳೂರಿನವರೆಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಜೋಕಾಲಿ_ಓಟಿ

ಅದು ಹಲಗೆ ಮೇಲೆ ನಡೆಸೋದು, ಆಕಾರ ಜೋಡಿಸೋದು ಇಂಥ ತರಬೇತಿಗಳ ಲೆಕ್ಕ ಸರ್, ಏರ್ಸ್ ಅವರ ವಿಧಾನವೇ ಅಲ್ಲ. ಆದರೆ ಓದಿನ ವಿಷಯಕ್ಕೆ ನಿಮ್ಮ ಮಾತು ಒಪ್ಪಿದೆ.

ಬೆಳಕು_ಅಕಾಡೆಮಿ_ಆಫರ್

ಮಿಡ್‌ಬ್ರೇನ್ ಆಕ್ಟಿವೇಷನ್ ಮಾಡಿಸಿ, ಎರಡೇ ದಿನದಲ್ಲಿ ಮಗು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುತ್ತೆ!! ಇನ್‌ಬಾಕ್ಸ್ ಮಾಡಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಕಣ್ಣು ತೆರೆದುಕೊಂಡೇ ಓದು ಬರ್ತಿಲ್ಲ ಅಂತ ಅವರು ಅಳ್ತಿದ್ದಾರೆ, ಇವರು ಕಣ್ಣು ಕಟ್ಟೋಕೆ ಬಂದರು. ಮೂಗಿನ ಪಕ್ಕದ ಸಂದಿಯಲ್ಲಿ ನೋಡಿ ಓದೋ ಆಟ ಇದು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನು ಸಾರ್ವಜನಿಕವಾಗಿ ಬಯಲು ಮಾಡಿದ್ದಾರೆ. ಅಡ್ಮಿನ್, ಈ ಕಮೆಂಟ್ ತೆಗೀರಿ.

ಮಾತು_ಶ್ರವಣ

ಬನಶಂಕರಿ ಅಮ್ಮ ಅವರೇ, ಮೊದಲು ಒಂದು ಪ್ರಶ್ನೆ: ಕಿವಿ ಪರೀಕ್ಷೆ ಆಗಿದೆಯಾ? ಮಿಕ್ಸಿ ಶಬ್ದಕ್ಕೆ ಓಡುವ ಮಗುವಿಗೆ ಕಿವಿ ಚುರುಕು ಅಂತ ಮನೆಯವರು ಅಂದುಕೊಂಡಿರುತ್ತಾರೆ. ಪದೇ ಪದೇ ನೆಗಡಿಯಾಗಿ ಕಿವಿಯೊಳಗೆ ನೀರು ತುಂಬಿಕೊಳ್ಳುವ ಮಕ್ಕಳಿಗೆ ದೊಡ್ಡ ಶಬ್ದ ಕೇಳುತ್ತೆ, ‘ಪ’ಕ್ಕೂ ‘ಬ’ಕ್ಕೂ ಇರುವ ವ್ಯತ್ಯಾಸ ಮಸುಕಾಗಿರುತ್ತೆ. ಕಣ್ಣಿನ ಪರೀಕ್ಷೆಯೂ ಆಗಲಿ. ಎರಡೂ ಅರ್ಧ ದಿನದ ಕೆಲಸ.

ಇನ್ನು ನಿಮ್ಮ ಪ್ರಶ್ನೆ. ‘ಇಂದ್ರಿಯಗಳ ಜೋಡಣೆ’ ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ, ಎಡವಟ್ಟು ಶುರುವಾಗೋದು ಅಲ್ಲಿ. ಓಟಿ ಮೇಡಂ ಹೇಳಿದ್ದು ದೇಹದ ಜೋಡಣೆ. ಓದಿಗೆ ನೇರವಾಗಿ ಬೇಕಾದ್ದು ಕಣ್ಣು ಮತ್ತು ಕಿವಿಯ ನಂಟು, ಅಂದರೆ ಕಾಗದದ ಮೇಲಿನ ಗೆರೆಗೂ ಬಾಯಿಂದ ಬರುವ ಧ್ವನಿಗೂ ಬೆಸುಗೆ.

ಇದನ್ನೂ ಬಹಳ ಹಿಂದೆಯೇ ಹುಡುಕಿದ್ದಾರೆ. 1964ರಲ್ಲಿ ಬರ್ಚ್ ಮತ್ತು ಬೆಲ್ಮಾಂಟ್ ಅನ್ನುವವರು ಸ್ಕಾಟ್‌ಲೆಂಡಿನ ಮಕ್ಕಳ ಮುಂದೆ ಪೆನ್ಸಿಲಿನಿಂದ ಟಕ್ ಟಕ್… ಟಕ್ ಅಂತ ತಟ್ಟಿ, ಆ ಲಯಕ್ಕೆ ಸರಿಹೊಂದುವ ಚುಕ್ಕಿಗಳ ಸಾಲನ್ನು ಕಾರ್ಡಿನಲ್ಲಿ ತೋರಿಸಿ ಅಂದರು. ಓದಲು ಕಷ್ಟಪಡುವ ಮಕ್ಕಳು ಅದರಲ್ಲೂ ಹಿಂದೆ ಬಿದ್ದರು. ಹಾಗಾದರೆ ಇಂದ್ರಿಯಗಳನ್ನು ಜೋಡಿಸುವುದೇ ಇವರಿಗೆ ಕಷ್ಟ ಅನ್ನೋಣವೇ? ಮುಂದೆ ವೆಲ್ಲುಟಿನೋ ಮುಂತಾದವರು ಒಪ್ಪಲಿಲ್ಲ. ತೊಡಕು ಕಣ್ಣಿನದ್ದೂ ಅಲ್ಲ, ಜೋಡಣೆಯದ್ದೂ ಅಲ್ಲ, ಮಾತಿನ ಧ್ವನಿಗಳನ್ನು ಬಿಡಿಸಿ ಹಿಡಿಯುವುದರಲ್ಲಿದೆ ಅಂದರು. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿಗೆ ಕೊರತೆ ಇಲ್ಲದಿದ್ದರೂ ಓದು ಹತ್ತದ ತೊಂದರೆಯ ಬಗ್ಗೆ ಇವತ್ತಿಗೂ ಹೆಚ್ಚು ಗಟ್ಟಿಯಾಗಿ ನಿಂತಿರುವ ವಿವರಣೆ ಅದೇ. ಆಮೇಲೆ ನೆದರ್ಲೆಂಡ್ಸ್‌ನ ಬ್ಲೊಮರ್ಟ್ ಮತ್ತು ಸಂಗಡಿಗರು ಮಿದುಳಿನ ಅಲೆಗಳನ್ನು ಅಳೆದು ಒಂದು ಸ್ವಾರಸ್ಯ ತೋರಿಸಿದರು. ಯಾವ ಅಕ್ಷರಕ್ಕೆ ಯಾವ ಧ್ವನಿ ಅಂತ ಮಗು ಒಂದು ವರ್ಷದೊಳಗೆ ಕಲಿಯುತ್ತೆ, ಆದರೆ ಅಕ್ಷರ ಕಂಡ ಕ್ಷಣ ಧ್ವನಿ ತಾನಾಗಿ ಎದ್ದು ಬರುವಷ್ಟು ಬೆಸುಗೆ ಆಗೋಕೆ ವರ್ಷಗಳೇ ಬೇಕು. ‘ಗೊತ್ತು, ಆದರೆ ಬರ್ತಿಲ್ಲ’ ಅಂತ ಮಕ್ಕಳು ಹೇಳ್ತಾರಲ್ಲ, ಅದು ನೆಪ ಅಲ್ಲ.

ಇವತ್ತು ರಾತ್ರಿ ಊಟದ ಹೊತ್ತಿಗೆ, ಪುಸ್ತಕ ಮುಟ್ಟದೆ, ಎರಡು ಆಟ ಆಡಿ. ಒಂದು: ‘ಬನಶಂಕರಿ’ಗೆ ಎಷ್ಟು ಚಪ್ಪಾಳೆ? ಎರಡು: ‘ಮರ’ದ ಮೊದಲ ಅಕ್ಷರಕ್ಕೆ ‘ಇ’ ಸೇರಿಸಿ ಹೇಳು ನೋಡೋಣ (‘ಮಿರ’ ಬರಬೇಕು). ಏನಾಯ್ತು ಬರೆಯಿರಿ.

ಧಾರವಾಡ_ಪೇಡೆ

ನಮ್ಮ ಹುಡುಗನೂ ಹಿಂಗ ಇದ್ದ ರೀ ಅಕ್ಕಾರ. ಈಗ ಒಂಬತ್ತನೇತ್ತ. ಲೇಬಲ್ ಕತ್ತರಿಸೋದು ಈಗೂ ಬಿಟ್ಟಿಲ್ಲ, ಆದ್ರ ಕ್ರಿಕೆಟ್ ಪೇಜ್ ಪೂರಾ ಓದ್ತಾನ. ಎರಡೂ ಒಂದಕ್ಕೊಂದು ಸಂಬಂಧ ಅದಾವು ಅಂತ ನನಗಂತೂ ಅನಸ್ಲಿಲ್ಲ. ನಮ್ಮ ಮನಿಯಾಕಿ ದಿನಾ ಹದಿನೈದು ನಿಮಿಷ, ಜಾಸ್ತಿ ಇಲ್ಲ, ಕೂಡ್ಸಿ ಹೇಳಿಕೊಟ್ಳು. ನಾ ಕೂಡ್ಸಿದ್ರ ಸಿಟ್ಟಾಕ್ಕೀನಿ ಅಂತ ನನ್ನ ಹೊರಗ ಹಾಕಿದ್ಳು.

ಮಲ್ಲೇಶ್ವರ_ಎಂಟನೇ_ಕ್ರಾಸ್

ನಮಗೆ ಕಣ್ಣಿನ ವ್ಯಾಯಾಮ, ಬಣ್ಣದ ಕನ್ನಡಕ ಮಾಡಿಸಿ ಅಂದಿದ್ದರು. ಅದರ ಬಗ್ಗೆ?

ಮಾತು_ಶ್ರವಣ

ಕಣ್ಣಿಗೆ ಪವರ್ ಇದ್ದರೆ ಮಾಮೂಲಿ ಕನ್ನಡಕ ಖಂಡಿತ. ಡಿಸ್ಲೆಕ್ಸಿಯಾಕ್ಕೆ ಬಣ್ಣದ ಗಾಜು, ಕಣ್ಣಿನ ಕಸರತ್ತು ಬೇಡ. ಅಮೆರಿಕದ ಮಕ್ಕಳ ವೈದ್ಯರೂ ಕಣ್ಣಿನ ವೈದ್ಯರೂ 2009ರಲ್ಲಿ ಜಂಟಿಯಾಗಿ ಇದನ್ನೇ ಹೇಳಿದ್ದಾರೆ.

ಬನಶಂಕರಿ_ಅಮ್ಮ

ಆಟ ಆಡಿಸಿದೆ. ಚಪ್ಪಾಳೆ ಸರಿಯಾಗಿ ಬಂತು: ಬ-ನ-ಶಂ-ಕ-ರಿ, ಐದು. ಅವರಪ್ಪನ ಆಫೀಸಿನವರ ಹೆಸರಿಗೆಲ್ಲ ಚಪ್ಪಾಳೆ ಹೊಡೆದ. ಎರಡನೇದು ಅರ್ಥವೇ ಆಗಲಿಲ್ಲ. “ಮ-ಇ-ರ” ಅಂದ. ಮತ್ತೆ ಕೇಳಿದರೆ “ಇಮರ” ಅಂದು ಅವನೇ ನಕ್ಕುಬಿಟ್ಟ.

ಮಾತು_ಶ್ರವಣ

ನೋಡಿ, ಅದೇ ಬಾಗಿಲು. ‘ಮ’ ಅನ್ನೋದು ಅವನ ಕಿವಿಗೆ ಒಡೆಯದ ಇಡೀ ಕಲ್ಲು. ಅದರೊಳಗೆ ‘ಮ್’ ಬೇರೆ ‘ಅ’ ಬೇರೆ ಅಂತ ಇನ್ನೂ ಕೇಳಿಸಿಲ್ಲ. ಹಾಗಾಗಿ ಮಾ, ಮಿ, ಮೀ ಬರೆದಾಗ ಬಾಲವೋ ಗುಡಿಸೋ ಯಾಕೆ ಅಂಟಿಕೊಂಡಿದೆ ಅನ್ನೋದಕ್ಕೆ ಅವನ ಹತ್ತಿರ ಕಾರಣ ಇಲ್ಲ. ಕಣ್ಣಿಗೆ ಕಾಣುತ್ತೆ, ಕಿವಿಯಲ್ಲಿ ಅದಕ್ಕೆ ಜಾಗ ಇಲ್ಲ, ಆದ್ದರಿಂದ ಬಿಟ್ಟುಬಿಡ್ತಾನೆ. ಎಲ್ಲವೂ ‘ಮರ’ ಆಗೋದು ಹೀಗೆ.

ಭಯಪಡಬೇಡಿ, ಕನ್ನಡದಲ್ಲಿ ಇದು ತಡವಾಗಿಯೇ ಬರುತ್ತೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೊನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಡೀ ಅಕ್ಷರವನ್ನು ಕಿವಿಯಲ್ಲಿ ಹಿಡಿಯೋದು ಬೇಗ ಬರುತ್ತೆ, ಅದರೊಳಗಿನ ಬಿಡಿ ಧ್ವನಿ ನಿಧಾನಕ್ಕೆ, ಅಕ್ಷರಮಾಲೆ ಪೂರ್ತಿ ಕೈವಶ ಆಗೋದು ಮೂರು ನಾಲ್ಕನೇ ತರಗತಿಯವರೆಗೂ ಎಳೆಯುತ್ತೆ ಅನ್ನೋದು ಕಂಡುಬಂದಿದೆ. ಇಂಗ್ಲಿಷಿನ ಅಳತೆಗೋಲು ಹಿಡಿದು ಎರಡನೇ ಕ್ಲಾಸಿನ ಕನ್ನಡದ ಮಗುವನ್ನು ಅಳೆಯಬಾರದು. ಆದರೆ ‘ಮಾ’ ಕೂಡ ಬಾರದಿರೋದಕ್ಕೆ ಸಹಾಯ ಬೇಕು, ಕಾಯೋದಲ್ಲ. ಅಜ್ಜಿ ಬೇಸರ ಮಾಡಿಕೊಳ್ಳಬಾರದು.

ಗವಿಪುರದ_ಅಜ್ಜಿ

ಬೇಸರ ಯಾಕಮ್ಮ. ಮರಳಿನ ಮಾತು ಹಿಂತೆಗೆದುಕೊಳ್ಳಲ್ಲ ಅಷ್ಟೇ.

ನಲಿಕಲಿ_ಟೀಚರ್

ಅಜ್ಜಿ ಮಾತು ಸರಿ ಇದೆ. ನಾನು ಆನೇಕಲ್ ಕಡೆ ಸರ್ಕಾರಿ ಶಾಲೆಯಲ್ಲಿದ್ದೀನಿ, ಹತ್ತೊಂಬತ್ತು ವರ್ಷ ಒಂದರಿಂದ ಮೂರನೇ ತರಗತಿ. ಥೆರಪಿ ಗೊತ್ತಿಲ್ಲ, ಮಕ್ಕಳು ಗೊತ್ತು.

ನಲಿ-ಕಲಿ ಅಂದರೆ ಸರ್ಕಾರಿ ಶಾಲೆಗಳಲ್ಲಿ ಆಟ, ಚಟುವಟಿಕೆ ಮೂಲಕ ಕಲಿಸೋ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯ್ತು. ಅದರಲ್ಲಿ ಅ ಆ ಇ ಈ ಇಂದ ಹೊರಡಲ್ಲ. ರ ಗ ಸ ದ ಅ, ಇದು ಮೊದಲ ಗುಂಪು. ಕೈಗೆ ಸುಲಭ, ಆಕಾರದಲ್ಲಿ ನೆಂಟರು, ಮತ್ತೆ ಐದೇ ಅಕ್ಷರಕ್ಕೆ ಓದೋಕೆ ಪದ ಸಿಗುತ್ತೆ: ಸರ, ರಸ, ಗರ, ಅಗಸ, ಅರಸ. ‘ಅರಸ’ ಅಂತ ಓದಿದ ದಿನ ಮಗುವಿನ ಮುಖ ನೋಡಬೇಕು. ಆಮೇಲೆ ಜ ವ ಮ ಬ ನ. ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಕನ್ನಡಕ್ಕೆ ವಾರದಲ್ಲಿ ನಾಲ್ಕು ಪೀರಿಯಡ್ ಇಟ್ಟು, ಅ ಇಂದ ಳ ವರೆಗೆ ಮೂರು ಮೂರು ಸಲ ಬರೆಸಿ ಕಾಗುಣಿತಕ್ಕೆ ಹಾರಿಬಿಡ್ತಾರೆ. ಕಾಗುಣಿತ ಅಂದರೆ ಕಮ್ಮಿನಾ? 34 ವ್ಯಂಜನ, ತಲಾ 15 ರೂಪ, ಗುಣಿಸಿದರೆ 510. ಒತ್ತಕ್ಷರ ಇನ್ನೂ ಮುಟ್ಟಿಲ್ಲ! ಇಂಗ್ಲಿಷಿನಲ್ಲಿ ದೊಡ್ಡದು ಚಿಕ್ಕದು ಸೇರಿಸಿದರೂ 52.

ನಮ್ಮ ಲಿಪಿಯಲ್ಲಿ ಬಿ ಡಿ ತರಹ ಎಡ ಬಲ ತಿರುಗಿಸಿದರೆ ಇನ್ನೊಂದಾಗೋ ಜೋಡಿ ಇಲ್ಲ ಅನ್ನಬಹುದು. ನಮ್ಮಲ್ಲಿ ಪೀಡೆ ಬೇರೆ. ದ, ಧ, ಥ ಪಕ್ಕಪಕ್ಕ ಇಡಿ, ಹೊಟ್ಟೆಯಲ್ಲೊಂದು ಚುಕ್ಕಿ, ಕೆಳಗೊಂದು ಸೀಳು, ಅಷ್ಟರಲ್ಲೇ ಬದುಕು. ಪ, ಷ, ಫ ಅದೇ ಕಥೆ. ಇನ್ನು ಅರ್ಕಾವತ್ತು ನೋಡಿ. ‘ಸೂರ್ಯ’ ಅನ್ನೋವಾಗ ಕಿವಿಗೆ ಮೊದಲು ‘ರ್’, ಆಮೇಲೆ ‘ಯ’. ಕಣ್ಣಿಗೆ ಮೊದಲು ‘ಯ’, ಆಮೇಲೆ ಆ ಕೊಕ್ಕೆ. ‘ಮಾತ್ರ’ದಲ್ಲಿ ತ ಮೇಲೆ, ರ ಕೆಳಗೆ, ಓದೋದೂ ಅದೇ ಕ್ರಮ. ‘ಮೂರ್ತಿ’ಯಲ್ಲಿ ಉಲ್ಟಾ. ಕಣ್ಣು ಕಿವಿ ಜಗಳ ಆಡೋ ಜಾಗ ಅಂದರೆ ಇದು. ಇಲ್ಲಿ ತಪ್ಪು ಮಾಡೋ ಮಗುವಿಗೆ ನಾನು ಇವತ್ತಿಗೂ ಬೈಯಲ್ಲ.

ನಾನು ಮಾಡೋದು ಹೀಗೆ. ತಟ್ಟೆಯಲ್ಲಿ ಮರಳು, ಮನೆಯಲ್ಲಾದರೆ ರವೆ. ಬೆರಳಿಂದ ‘ಮ’ ತಿದ್ದು, ಬಾಯಲ್ಲಿ ‘ಮ್ಮ್ಮ್…ಅ’ ಅಂತ ಎಳೀ. ಅಳಿಸದೆ ದೀರ್ಘ ಎಳೆದು ‘ಮ್ಮ್ಮ್…ಆ’. ಗುಡಿಸು ಕೊಟ್ಟು ‘ಮ್ಮ್ಮ್…ಇ’. ತುಟಿ ಮುಚ್ಚಿಕೊಂಡಿರೋದು ‘ಮ್’, ತೆರೆದ ಮೇಲೆ ಬರೋದು ಗುಣಿತ, ಇದನ್ನು ಮಗು ತನ್ನ ತುಟಿಯಲ್ಲೇ ಮುಟ್ಟಿ ನೋಡಬೇಕು. ಸುಮ್ಮನೆ ತಿದ್ದಿದರೆ ಅದು ರಂಗೋಲಿ. ಬಾಯಿ ಬಿಡದೆ ನೂರು ಸಲ ತಿದ್ದಿದ ಮಕ್ಕಳನ್ನು ನೋಡಿದ್ದೀನಿ, ಬರಹ ಮುತ್ತು, ಓದು ಸೊನ್ನೆ.

ಜೋಕಾಲಿ_ಓಟಿ

ಟೀಚರ್ ಹೇಳಿದ್ದಕ್ಕೆ ಪುರಾವೆ ಇದೆ. ಫ್ರಾನ್ಸಿನ ಬಾರಾ, ಜೆಂತಾಜ್ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಕ್ಷರವನ್ನು ಬರೀ ನೋಡಿದ ಮಕ್ಕಳಿಗಿಂತ ಬೆರಳಿಂದ ಮುಟ್ಟಿ ಸವರಿದ ಮಕ್ಕಳು ಹೊಸ ಪದ ಓದೋದರಲ್ಲಿ ಮುಂದಿದ್ದರು. ಎರಡೂ ಗುಂಪಿಗೆ ಧ್ವನಿಯ ಪಾಠ ಜೊತೆಗೇ ಇತ್ತು. 2012ರಲ್ಲಿ ಅಮೆರಿಕದ ಜೇಮ್ಸ್ ಮತ್ತು ಎಂಗಲ್ಹಾರ್ಟ್, ಐದು ವರ್ಷದ ಮಕ್ಕಳು ಸ್ವಂತ ಕೈಯಿಂದ ಬರೆದ ಅಕ್ಷರಕ್ಕೆ ಮಿದುಳಿನ ಓದಿನ ಭಾಗಗಳು ಎಚ್ಚೆತ್ತುಕೊಳ್ಳೋದನ್ನು ಕಂಡರು, ಕೀಬೋರ್ಡ್ ಒತ್ತಿದ್ದಕ್ಕೆ ಹಾಗಾಗಲಿಲ್ಲ. ಅಂದರೆ ಸ್ಪರ್ಶ ಕೆಲಸಕ್ಕೆ ಬರುತ್ತೆ, ಆದರೆ ಅಕ್ಷರವನ್ನೇ ಮುಟ್ಟಬೇಕು. ಕಾಳಿನ ಡಬ್ಬದಲ್ಲಿ ಗೊಂಬೆ ಹುಡುಕಿದರೆ ಗೊಂಬೆ ಸಿಗುತ್ತೆ.

ಈ ವಾಕ್ಯ ನನ್ನ ಸೆಂಟರಿನವರು ಓದದಿರಲಿ.

ಯಶವಂತಪುರ_ಫಿಟ್ಟರ್

ವಾಯ್ಸ್ ಟೈಪಿಂಗಲ್ಲಿ ಹಾಕ್ತಿದ್ದೀನಿ ತಪ್ಪಿದ್ದರೆ ಸರಿ ಮಾಡಿಕೊಳ್ಳಿ. ನನಗೆ 41. ನನಗೂ ಎಲ್ಲ ಒಂದೇ ತರ ಕಾಣ್ತಿತ್ತು. ಮೇಷ್ಟ್ರು ಸೋಮಾರಿ ಅಂದರು ಅಪ್ಪ ದಡ್ಡ ಅಂದರು. ಏಳನೇ ಕ್ಲಾಸಿಗೆ ಬಿಟ್ಟೆ. ಲೇತ್ ಮೇಲೆ ಕೂದಲೆಳೆಯಷ್ಟು ಅಳತೆ ತಪ್ಪಲ್ಲ ನಾನು. ನಿಮ್ಮ ಮಗನ ಮುಂದೆ ದಡ್ಡ ಅನ್ನೋ ಪದ ಯಾರೂ ಆಡದ ಹಾಗೆ ನೋಡಿಕೊಳ್ಳಿ ಅಕ್ಕ.

ಬನಶಂಕರಿ_ಅಮ್ಮ

ಅಣ್ಣ, ಆ ಪದ ನನ್ನ ಬಾಯಲ್ಲೇ ಒಂದು ಸಲ ಬಂದಿದೆ. ಇನ್ನು ಬರಲ್ಲ.

ಒಂದು ಪ್ರಶ್ನೆ ಉಳಿಯಿತು. ಡಿಸ್ಲೆಕ್ಸಿಯಾ ಅಂತ ಈಗಲೇ ಟೆಸ್ಟ್ ಮಾಡಿಸಬೇಕಾ?

ಮಾತು_ಶ್ರವಣ

ಸರ್ಟಿಫಿಕೇಟಿಗೆ ಎಂಟು ತುಂಬಬೇಕು. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ 21ರಲ್ಲಿ ಒಂದು. 2018ರ ಮಾರ್ಗಸೂಚಿ ಪ್ರಕಾರ ಎಂಟು ವರ್ಷದ ಮೇಲೆ ಪ್ರಮಾಣಪತ್ರ, ಮತ್ತೆ 14ಕ್ಕೆ, 18ಕ್ಕೆ ಮರುಪರೀಕ್ಷೆ ಅಂತ ಇತ್ತು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಮೈಸೂರಿಗೆ ಹೋಗುವುದಾದರೆ ವಾಕ್ ಶ್ರವಣ ಸಂಸ್ಥೆ. ಪರೀಕ್ಷೆ ಕನ್ನಡದಲ್ಲೂ ಆಗಲಿ ಅಂತ ಕೇಳಿ. ‘ಡಾಲಿ’ ಅನ್ನುವ ಪರೀಕ್ಷಾ ಸಾಧನ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. ಇಂಗ್ಲಿಷಿನಲ್ಲಿ ಮಾತ್ರ ಅಳೆದರೆ, ಓದಿನ ತೊಂದರೆ ಯಾವುದು, ಇಂಗ್ಲಿಷ್ ಬಾರದ್ದು ಯಾವುದು ತಿಳಿಯಲ್ಲ. ಎಂಟು ತುಂಬೋವರೆಗೆ ಕಲಿಸೋದನ್ನು ನಿಲ್ಲಿಸಬೇಡಿ, ಕಲಿಸೋಕೆ ಯಾವ ಸರ್ಟಿಫಿಕೇಟೂ ಬೇಡ.

ಬನಶಂಕರಿ_ಅಮ್ಮ

ಮೂರು ತಿಂಗಳ ಮೇಲೆ ಬರೀತಿದ್ದೀನಿ. ಹಳೇ ಥ್ರೆಡ್ ಮತ್ತೆ ಮೇಲೆ ತಂದಿದ್ದಕ್ಕೆ ಕ್ಷಮೆ ಇರಲಿ.

ಕಿವಿ ಪರೀಕ್ಷೆ ಆಯ್ತು, ಸರಿ ಇದೆ. ಕಣ್ಣಿಗೆ ಸಣ್ಣ ಪವರ್ ಬಂತು. ಓಟಿ ಪೂರ್ತಿ ಬಿಟ್ಟಿಲ್ಲ, ಎರಡು ವಾರಕ್ಕೊಂದು ಸಲ, ಅದೂ ಬರೆಯೋ ಕೈ ಮತ್ತು ಕೂರೋದಕ್ಕೆ ಅಂತ ಅವರಿಗೆ ಸ್ಪಷ್ಟವಾಗಿ ಹೇಳಿದೆ. ಸ್ವಲ್ಪ ಮುಖ ಊದಿಸಿಕೊಂಡರು. ಉಳಿದ ದುಡ್ಡಲ್ಲಿ ವಾರಕ್ಕೆರಡು ದಿನ ಓದು ಕಲಿಸೋ ಸ್ಪೆಷಲ್ ಎಜುಕೇಟರ್. ಮನೆಯಲ್ಲಿ ರವೆ ತಟ್ಟೆ ಹದಿನೈದು ನಿಮಿಷ. ಮೊದಲ ವಾರ ರವೆ ಬೆರಳಿಗೆ ಅಂಟುತ್ತೆ ಅಂತ ಅತ್ತ. ಉಪ್ಪುಕಾಗದ ಕತ್ತರಿಸಿ ಅಕ್ಷರ ಮಾಡಿಕೊಟ್ಟೆ, ಅದಕ್ಕೆ ಒಪ್ಪಿದ. ರವೆ ಉಪ್ಪಿಟ್ಟಾಯ್ತು.

ಮಾ, ಮಿ, ಮು ಬಂದಿದೆ. ‘ಕೊ’, ‘ಕೌ’ ಇನ್ನೂ ಗೋಳು. ಬಿ ಡಿ ಹಾಗೇ ಇದೆ.

ಮೊನ್ನೆ ಮೆಟ್ರೋದಲ್ಲಿ ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಹೋದ್ವಿ. ಬಾಗಿಲ ಮೇಲಿನ ಪಟ್ಟಿ ನೋಡ್ತಾ ಜಯನಗರ ಓದಿದ, ಲಾಲ್‌ಬಾಗ್ ನಾನು ಹೇಳಿಕೊಟ್ಟೆ. ನ್ಯಾಷನಲ್ ಕಾಲೇಜ್ ದಾಟಿ ರೈಲು ಸುರಂಗಕ್ಕೆ ಇಳೀತು ನೋಡಿ, ಸದ್ದು ಜೋರಾಯ್ತು, ಎರಡೂ ಕೈಯಿಂದ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡ. ಮುಗೀತು ಅಂದುಕೊಂಡೆ. ಕಿವಿ ಮುಚ್ಚಿಕೊಂಡೇ, ಅದಕ್ಕೇ ಕಿರುಚಿಕೊಂಡು ಅನ್ನಿ, “ಚಿಕಪೇಟೆ!” ಅಂದ. ಅರೆಕ್ಷಣ ಬಿಟ್ಟು, “ಅಲ್ಲ ಅಮ್ಮ, ಕ ಕೆಳಗೆ ಇನ್ನೊಂದು ಮರಿ ಕ ಇದೆ. ಚಿಕ್‌-ಕಪೇಟೆ.” ಎದುರಿಗೆ ಕೂತಿದ್ದವರು ಫೋನಿಂದ ತಲೆ ಎತ್ತಿ ನೋಡಿದರು.

ಒತ್ತಕ್ಷರ ಸ್ಕೂಲಲ್ಲಿ ಇನ್ನೂ ಶುರು ಮಾಡಿಲ್ಲ. ದೊಡ್ಡ ಅಕ್ಷರದ, ಒಂದು ಪುಟಕ್ಕೆ ನಾಲ್ಕೇ ಸಾಲಿರೋ ಪುಸ್ತಕ ಎಲ್ಲಿ ಸಿಗುತ್ತೆ?

ಸಿಲ್ಕ್‌ಬೋರ್ಡ್_ಸಂತ್ರಸ್ತ

ಅವನು ಓದಿದ ಸ್ಟೇಷನ್ನಲ್ಲೇ ಇಳೀರಿ ಮೇಡಂ, ಅವೆನ್ಯೂ ರೋಡು ಅಲ್ಲೇ ಪಕ್ಕ. ಭಾನುವಾರ ಹೋಗಬೇಡಿ, ಸುಮಾರು ಅಂಗಡಿ ಮುಚ್ಚಿರುತ್ತೆ.